ಕತ್ತಲ ಕೋಣೆಯ ಒಂಬತ್ತು ಸಂಜೆ

ಕಂತು ಹನ್ನೊಂದು

"ಕಣ್ಣು ಇನ್ನೂ ಹತ್ತಿರ ತನ್ನಿ," ಅಂದ ಆಶಿಷ. "ಬಲಗಣ್ಣು ಸಾಕು. ಎಡಗಣ್ಣು ಬಿಗಿಯಬೇಡಿ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಏನೋ ಹಸಿರು ಕಂಡಿತು. ಅವನು ಪಕ್ಕದಿಂದ ಕೈ ಚಾಚಿ ತಿರುಪು ತಿರುಗಿಸಿದ. ನೀಳ ಬೆರಳು, ಕತ್ತರಿಸಿದ ಉಗುರು. ಎರಡು ವರ್ಷದಿಂದ ಇವನು ನನ್ನ ಹೆಂಡತಿಯ ಸಹೋದ್ಯೋಗಿ, ಇದೇ ಕೈ ಅವಳ ಪಕ್ಕದಲ್ಲಿ ಇದೇ ತಿರುಪನ್ನು ತಿರುಗಿಸಿಕೊಟ್ಟಿದೆ. ನನಗೆ ಗಾಜಿನ ಕೆಳಗಿನದ್ದಕ್ಕಿಂತ ಆ ಕೈಯೇ ಸ್ಪಷ್ಟವಾಗಿ ಕಾಣುತ್ತಿತ್ತು.

"ಎಂತ ಕಾಣ್ತದೆ?"

"ಹಸಿರು ಬಟಾಣಿ."

"ದಪ್ಪವೋ, ಸಣ್ಣವೋ?"

"ಹೋದ ತಿಂಗಳಿನ ಬಟಾಣಿ ನಾನು ನೋಡಿಲ್ಲ ಮಾರಾಯ. ದಪ್ಪವೋ ಸಣ್ಣವೋ ಹೇಗೆ ಹೇಳಲಿ?"

ಅವನು ನಗಲಿಲ್ಲ. ನಗುವ ದಿನವೂ ಅಲ್ಲ. ನನ್ನ ಹೆಂಡತಿ ಹೀರಾ ಸುಳ್ಳು ಅಂಕಿ ಬರೆದಿದ್ದಾಳೆಂಬ ಆರೋಪ ಬಂದು ಐದು ದಿನವಾಗಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಸಮಿತಿ ಕೂರುತ್ತದೆ. ಅಷ್ಟರೊಳಗೆ ಅವಳ ಪಾಚಿಯನ್ನು ಕೆಡಿಸಿದವರು ಯಾರೆಂದು ನಾನು ತೋರಿಸದಿದ್ದರೆ, ಅವಳು ತಪ್ಪೊಪ್ಪಿಗೆಗೆ ಸಹಿ ಹಾಕಿ ಹೊರಗೆ ನಡೆಯಬೇಕು. ಆಮೇಲೆ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಬಿಡುವುದಿಲ್ಲ.

ಅವಳ ಪಾಚಿಯೆಂದರೆ ಒಂದೇ ಕೋಶದ ಜೀವಿ. ಕೈಯಿಲ್ಲ, ಕಾಲಿಲ್ಲ, ಬಾಯಿಯೂ ಇಲ್ಲ. ಮದುವೆಯಾಗಿ ಆರು ವರ್ಷದಲ್ಲಿ ಅದರ ಮುಂದೆ ನಾನು ಗೆದ್ದ ದಿನ ಒಂದೂ ಇಲ್ಲ. ಅಂಕೋಲೆಯ ಕೇಣಿ ಕಡಲಿನ ಬದಿಗಿರುವ ಈ ಪುಟ್ಟ ಸಂಶೋಧನಾ ಕೇಂದ್ರದಲ್ಲಿ ಸಿಗಡಿ ಮರಿಗಳ ಮೊದಲ ಊಟಕ್ಕೆಂದು ಅದನ್ನು ಬೆಳೆಸುತ್ತಾರೆ. ಅದು ಮೂರು ಪಟ್ಟು ಬೆಳೆಯುವ ದಾರಿಯನ್ನು ಹೀರಾ ಕಂಡುಹಿಡಿದಳು. ಹದಿನಾಲ್ಕು ಗಂಟೆ ಬೆಳಕು, ಸಂಜೆ ಆರರಿಂದ ಬೀಗ ಹಾಕಿದ ಕತ್ತಲ ಕೋಣೆಯಲ್ಲಿ ಹತ್ತು ಗಂಟೆ ಕತ್ತಲೆ, ಕತ್ತಲೆ ಮುಗಿಯುವ ಹೊತ್ತಿಗೆ ಸರಿಯಾಗಿ ಆಕ್ಸಿನ್ ಎಂಬ ಹಾರ್ಮೋನಿನ ಒಂದು ಹನಿ. ದಾಸವಾಳದ ಗೆಲ್ಲು ಬೇಗ ಬೇರು ಬಿಡಲೆಂದು ನರ್ಸರಿಯವರು ಅದ್ದುವ ಪುಡಿ ಇದೆಯಲ್ಲ, ಅದರ ಬಳಗದ್ದೇ.

ಹೋದ ಸೋಮವಾರ ಸಮಿತಿಯವರು ಬಂದು ಎಣಿಸಿದರು. ಮೂರು ಪಟ್ಟು ಹೋಗಲಿ, ಒಂದೂವರೆ ಪಟ್ಟೂ ಇರಲಿಲ್ಲ. ಅವತ್ತಿನಿಂದ ಹೀರಾಳಿಗೆ ಕೇಂದ್ರದ ಬಾಗಿಲು ಮುಚ್ಚಿದೆ. ಪತ್ತೆ ಮಾಡುವ ಕೆಲಸ ನನಗೆ ಬಂತು. ಕಾರವಾರದಲ್ಲಿ ಒಂದು ಕೋಣೆಯ ಪತ್ತೇದಾರಿ ಕಚೇರಿ ಇಟ್ಟುಕೊಂಡವನು ನಾನು, ಜಗದೀಶ. ಗಂಡಿನ ಕಡೆಯವರಿಗೆ ಹೆಣ್ಣಿನ ಸುದ್ದಿ, ಹೆಂಡತಿಗೆ ಗಂಡನ ಸುದ್ದಿ ತಂದುಕೊಡುವುದೇ ನನ್ನ ಉದ್ಯೋಗ. ಹನ್ನೆರಡು ವರ್ಷ ಊರವರ ದಾಂಪತ್ಯದ ಬೆನ್ನು ಹತ್ತಿದವನಿಗೆ ಸ್ವಂತ ಮನೆಯಲ್ಲಿ ನೆಮ್ಮದಿಯ ನಿದ್ದೆ ಬರುತ್ತದೆಂದು ತಿಳಿಯಬೇಡಿ.

"ಹಾರ್ಮೋನು ತುಂಬುವುದು ಯಾರು?" ಎಂದು ಕೇಳಿದೆ.

"ನಾನು. ದಿನಾ ಸಂಜೆ ಐದೂವರೆಗೆ ಯಂತ್ರಕ್ಕೆ ತುಂಬಿಡ್ತೇನೆ. ಬೆಳಗಿನ ಜಾವ ಅದೇ ಹನಿ ಬಿಡ್ತದೆ."

"ಬೇರೆ ಯಾರೂ ಮುಟ್ಟುವುದಿಲ್ಲ?"

"ಇಲ್ಲ."

ನನ್ನ ಎದೆಯಲ್ಲಿ ಒಂದು ಸಣ್ಣ ಹಬ್ಬ ಶುರುವಾಯಿತು. ಆಶಿಷ ಅಪರಾಧಿಯಾಗಬೇಕೆಂದು ನಾನು ಎಷ್ಟು ಬಯಸಿದ್ದೆನೆಂದರೆ, ಸಾಕ್ಷಿ ಸಿಗುವ ಮೊದಲೇ ಅವನ ಕೈಗೆ ಮನಸ್ಸಿನಲ್ಲೇ ಕೋಳ ತೊಡಿಸಿ ಆಗಿತ್ತು.

ಕಪಾಟಿನಲ್ಲಿ ಕಂದು ಗಾಜಿನ ಶೀಸೆ ಇತ್ತು. ಎತ್ತಿ ಬೆಳಕಿಗೆ ಹಿಡಿದೆ. ದಿನಕ್ಕೊಂದಿಷ್ಟು ಹನಿಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರಬೇಕಿತ್ತು. ತಳದಲ್ಲಿ ಎರಡು ಬೆರಳಿನಷ್ಟೇ ಉಳಿದಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುವುದು ನನಗೂ ಗೊತ್ತು.

ಶೀಸೆಯನ್ನು ಜೇಬಿಗೆ ಇಳಿಸಿ ಹೊರಗೆ ಬಂದೆ. ಕೊಲ್ಲುವ ಮೊದಲು ಬೆಕ್ಕು ಇಲಿಯನ್ನು ಸ್ವಲ್ಪ ಆಡಿಸುತ್ತದೆ. ನಾನೂ ಆ ಸುಖವನ್ನು ಯಾಕೆ ಬಿಡಲಿ?

ಹೊರಗೆ ಗಾಳಿಮರದ ನೆರಳಿನಲ್ಲಿ ಮಂಜಿ ಪಾಚಿ ಬೆಳೆಸುವ ಗಾಜಿನ ಬುರುಡೆಗಳನ್ನು ತೊಳೆಯುತ್ತ ಕೂತಿದ್ದಳು. ಐವತ್ತೈದು ದಾಟಿದ ಹೆಂಗಸು. ಬೆಳಿಗ್ಗೆ ಗದ್ದೆ ಕೆಲಸ ಮುಗಿಸಿ ಹತ್ತಕ್ಕೆ ಇಲ್ಲಿಗೆ ಬರುತ್ತಾಳೆ, ಸಂಜೆ ಆರಕ್ಕೆ ಬೀಗ ಹಾಕಿ ಹೋಗುತ್ತಾಳೆ.

"ಮಂಜಕ್ಕ, ಕತ್ತಲ ಕೋಣೆಯ ಕೀಲಿ ಎಲ್ಲಿಡ್ತೆ?"

"ಅಲ್ಲೇ ಒಡ್ಯಾ, ಆ ಒಡಕು ಒರಳಿನ ಅಡಿಗೆ. ಎಲ್ಲಿಡೂದು ಮತ್ತೆ? ಮನೆಗೆ ತಕಂಡ್ ಹೋದ್ರೆ ನಾ ಬರೂವರೆಗೆ ಇವ್ರು ಹೊರಗೇ ನಿಲ್ಲೂದಾ?"

"ಆ ಜಾಗ ಯಾರ್ಯಾರಿಗೆ ಗೊತ್ತು?"

ಅವಳು ಸೋಪಿನ ಕೈ ಎತ್ತಿ ಬೆರಳು ಬಿಡಿಸಿದಳು. "ನಂಗೆ ಗೊತ್ತು. ಹೀರಕ್ಕಗೆ ಗೊತ್ತು. ಆಶಿಷ ಸಾಯ್ಬ್ರಿಗೆ ಗೊತ್ತು. ಮತ್ತೆ ನಿಮ್ಗೆ. ಆವತ್ತು ನೀವೇ ಕೇಳಿದ್ರಿ ಅಲಾ, ಕೋಣೆ ಕೀಲಿ ಎಲ್ಲಿರ್ತದೆ ಹೇಳಿ?"

"ನನ್ನನ್ನ ಬಿಡು."

"ಬಿಟ್ಟೆ," ಎಂದು ಅವಳು ಒಂದು ಬೆರಳು ಮಡಚಿದಳು. "ಹಂಗಾರೆ ಮೂರೇ ಜನ."

ಕೇಳಿದ್ದು ನಿಜ. ಅದಕ್ಕೆ ಕಾರಣವಿತ್ತು. ಕಾರವಾರದಲ್ಲಿ ಕಚೇರಿ ಮುಚ್ಚಿ, ಅವರ್ಸಾ ದಾಟಿ ನಾನು ಅಂಕೋಲೆಯ ಮನೆ ಮುಟ್ಟುವಾಗ ಏಳು ಗಂಟೆ. ಹೀರಾ ಬರುವಾಗ ಎಂಟೂವರೆ. 'ಕೇಂದ್ರದಲ್ಲಿ ಕೆಲಸ' ಅನ್ನುತ್ತಿದ್ದಳು. ಒಂದು ಸಂಜೆ ಕೇಣಿಗೆ ಬಂದು ನೋಡಿದರೆ ಅವಳ ಸ್ಕೂಟಿ ನಿಂತಿದೆ, ಪಕ್ಕದಲ್ಲಿ ಆಶಿಷನ ಬೈಕು ನಿಂತಿದೆ, ಮನುಷ್ಯರಿಬ್ಬರೂ ಇಲ್ಲ. ಕತ್ತಲ ಕೋಣೆಯ ಬಾಗಿಲಿಗೆ ಅವಳದೇ ಅಕ್ಷರದ ಹಲಗೆ: 'ಕತ್ತಲಿದೆ. ತೆರೆಯಬಾರದು.'

ಯಾವ ಗಂಡಸಿಗೆ ಏನನಿಸಬೇಕು ಹೇಳಿ!

ಹೊರಗಿನ ಬೀಗ ಕಣ್ಣ ಮುಂದೆಯೇ ನೇತಾಡುತ್ತಿತ್ತು. ಆದರೂ ಅವರು ಒಳಗೇ ಇದ್ದಾರೆಂದು ನನ್ನ ಹೊಟ್ಟೆಕಿಚ್ಚು ಹೇಳಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಹಣಕೋಣದ ನಮ್ಮ ಹಿರಿಯರ ಮನೆಯಲ್ಲಿ ಗದ್ದೆಗೆ ನುಗ್ಗುವ ಹಂದಿ ಓಡಿಸುವುದಕ್ಕೆ ಒಂದು ಟಾರ್ಚ್ ಇಟ್ಟಿದ್ದಾರೆ. ಅದರ ಬೆಳಕು ಬಿದ್ದರೆ ಹೊಳೆಯಾಚೆಯ ಕಲ್ಲು ಎಣಿಸಬಹುದು. ಅದನ್ನು ತಂದೆ. ಒರಳೆತ್ತಿ ಕೀಲಿ ತೆಗೆದು, ಒಳಗೆ ಹೋಗಿ, ಒಂದೊಂದು ಕಪಾಟಿನ ಹಿಂದೆ, ಒಂದೊಂದು ಬುರುಡೆಯ ಸಂದಿನಲ್ಲಿ ಕಾಲು ಗಂಟೆ ಹುಡುಕಿದೆ. ತಲೆಪಿನ್ನು, ಚಹಾದ ಲೋಟ, ಏನಾದರೂ ಸಿಗಬೇಕಲ್ಲ! ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಸಮಾಧಾನವಾಗಲಿಲ್ಲ, ಸಂಶಯ ಇನ್ನೂ ಹೆಚ್ಚಾಯಿತು. ಮರುದಿನವೂ ಹೋದೆ. ಹೀಗೆ ಒಂಬತ್ತು ಸಂಜೆ.

ಅದೆಲ್ಲ ಈ ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲವೆಂದು ನಾನು ಪಕ್ಕಕ್ಕಿಟ್ಟಿದ್ದೆ. ಕಳ್ಳನನ್ನು ಹುಡುಕಿಕೊಂಡು ಹೋದ ಪೊಲೀಸನ ಹೆಜ್ಜೆಗುರುತನ್ನು ಯಾರು ಅಳೆಯುತ್ತಾರೆ?

ಮತ್ತೆ ಒಳಗೆ ಹೋಗಿ ಶೀಸೆಯನ್ನು ಆಶಿಷನ ಮುಂದೆ ಕುಟ್ಟಿ ಇಟ್ಟೆ.

"ಅರ್ಧ ಶೀಸೆ ಎಲ್ಲಿ ಹೋಯ್ತು?"

"ಚೆಲ್ಲಿದೆ."

"ಎಲ್ಲಿಗೆ? ಅವಳ ಬುರುಡೆಗಳಿಗಾ?"

"ಮೋರಿಗೆ," ಅಂದ ತಣ್ಣಗೆ. "ಬೆಳಕು ತಾಗಿದ್ರೆ ಈ ಹಾರ್ಮೋನು ಕೆಡ್ತದೆ ಜಗದೀಶರೇ. ಅದಕ್ಕೇ ಕಂದು ಗಾಜು. ಹಳೇದು ಚೆಲ್ಲಿ ಹೊಸದು ಮಾಡೂದು ನಮ್ಮ ಪದ್ಧತಿ. ಹೀರಾ ಹೇಳಿಕೊಟ್ಟದ್ದೇ."

ಹೀರಾ. ಹೀರಾ ಮೇಡಂ ಅಲ್ಲ, ಹೀರಾಬಾಯಿ ಅಲ್ಲ, ಬರೀ ಹೀರಾ. ನಾನು ಮದುವೆಯಾದ ಮೇಲೂ ಮೂರು ತಿಂಗಳು ಆ ಹೆಸರನ್ನು ಅಷ್ಟು ಸಲೀಸಾಗಿ ಕರೆದಿರಲಿಲ್ಲ.

"ನೋಡು ಆಶಿಷ. ವರದಿಯಲ್ಲಿ ಅವಳ ಹೆಸರು ಮೇಲೆ ಬಂತು, ನಿನ್ನದು ಕೆಳಗೆ ಉಳೀತು. ಕೆಲಸ ಇಬ್ಬರದು, ಹೊಗಳಿಕೆ ಒಬ್ಬಳಿಗೆ. ಹೊಟ್ಟೆ ಉರೀಲಿಲ್ವಾ ನಿಂಗೆ? ಖರೆ ಹೇಳು."

"ಉರೀತು," ಅಂದ.

ನಾನು ಶೀಸೆಯನ್ನು ಮತ್ತೆ ಕೈಗೆತ್ತಿಕೊಂಡೆ.

"ಎರಡು ದಿನ ಉರೀತು. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ನಮ್ಮಮ್ಮನ ಹತ್ರ ಹೋಗಿ ಕೂಗಾಡಿದೆ. ಮಾಗಿರ್ ಮೂರನೇ ದಿನ ತಾನಾಗೇ ತಣ್ಣಗಾಯ್ತು. ಯಾಕಂದ್ರೆ ಆ ಯೋಚನೆ ಬಂದದ್ದು ಅವಳಿಗೆ, ನನಗಲ್ಲ." ಅವನು ಕುರ್ಚಿ ಎಳೆದು ನನ್ನ ಎದುರಿಗೇ ಕೂತ. "ಹಾರ್ಮೋನು ಜಾಸ್ತಿ ಹಾಕಿದ್ರೆ ಇವು ಬಿಳಚಿಕೊಂಡು ಸಾಯ್ತಿದ್ವು. ಇವು ಸತ್ತಿಲ್ಲ. ಕೊಬ್ಬಿವೆ. ನೀರು ಹಸಿರಾಗೇ ಇತ್ತು, ಅದಕ್ಕೇ ಹೀರಾಗೂ ಸಂಶಯ ಬರ್ಲಿಲ್ಲ. ಎಣಿಸಿದಾಗ್ಲೇ ಗೊತ್ತಾದದ್ದು."

"ಕೊಬ್ಬಿದ್ರೆ ಒಳ್ಳೇದಲ್ವಾ?"

"ಇವು ಹಗಲು ಉಣ್ತವೆ, ಕತ್ತಲಲ್ಲಿ ಒಡೆದು ಎರಡಾಗ್ತವೆ. ಒಂದು ಎರಡು, ಎರಡು ನಾಲ್ಕು. ಒಡೆದ ಮರಿ ಕೋಶ ಕಣ್ಣು ಬಿಡುವ ಹೊತ್ತಿಗೆ ಹಾರ್ಮೋನು ಬಿದ್ರೆ ಭರಭರ ಬೆಳೀತದೆ. ಅದು ಹೀರಾ ಕಂಡದ್ದು. ಒಡೀದೇ ಇದ್ದ ಕೋಶಕ್ಕೆ ಹಾರ್ಮೋನು ಬಿದ್ರೆ ಅದೇ ಇನ್ನಷ್ಟು ಊದ್ಕೊಳ್ತದೆ, ಅಷ್ಟೇ."

"ಯಾಕೆ ಒಡೀಲಿಲ್ಲ?"

"ಅವುಗಳ ಒಳಗೂ ಗಡಿಯಾರ ಇದೆ. ಸಂಜೆ ಆಯ್ತು, ಇನ್ನು ಒಡೀಬೇಕು ಅಂತ ಅವು ತಯಾರಾಗಿರ್ತವೆ. ಆ ಹೊತ್ತಿಗೇ ಜೋರು ಬೆಳಕು ಬಿದ್ರೆ ಗಡಿಯಾರ ತಪ್ತದೆ. ಅರೇ, ಮತ್ತೆ ಹಗಲಾಯ್ತಲ್ಲ ಅಂತ ಗೊಂದಲ. ಒಂದು ದಿನ ಆದ್ರೆ ಸುಧಾರಿಸ್ತವೆ. ದಿನಾ ಆದ್ರೆ ಇಲ್ಲ."

ಅವನು ಮೇಜಿನ ಖಾನೆಯಿಂದ ಉದ್ದನೆಯ ಕಾಗದದ ಪಟ್ಟಿ ತೆಗೆದು ಹಾಸಿದ. ಕತ್ತಲ ಕೋಣೆಯ ಸೆಖೆ ಬರೆದಿಡುವ ಯಂತ್ರದ್ದು. ಏಸಿ ಕೋಣೆ, ಗೆರೆ ಇಸ್ತ್ರಿ ಹಾಕಿದಂತೆ ನೇರ. ನಡುವೆ ಮಾತ್ರ ಸೊಳ್ಳೆ ಕಚ್ಚಿದ ದದ್ದಿನಂತೆ ಸಣ್ಣ ಸಣ್ಣ ಉಬ್ಬುಗಳು.

"ಬಾಗಿಲು ತೆಗೆದ್ರೆ ಹೊರಗಿನ ಸೆಖೆ ಒಳಗೆ ಬರ್ತದೆ. ನೋಡಿ, ಎಣಿಕೆಗೆ ಮುಂಚಿನ ದಿನಗಳು. ದಿನಾ ಒಂದೇ ಹೊತ್ತು. ಬರೋಬರಿ ಏಳೂವರೆ. ಕಾಲು ಗಂಟೆ. ಎಷ್ಟು ಉಬ್ಬು ಅಂತ ಎಣಿಸಿ."

ನಾನು ಎಣಿಸಲಿಲ್ಲ.

"ಒಂಬತ್ತು," ಅಂದ ಅವನು. "ಯಾರೋ ದೀಪ ಹಿಡ್ಕೊಂಡು ಒಳಗೆ ಬಂದಿದ್ದಾರೆ. ಬಾಗಿಲ ಹತ್ರದ ಸಾಲು ಪೂರಾ ಹಾಳು. ಹಿಂದಿನ ಸಾಲು ಸ್ವಲ್ಪ ಕಡಿಮೆ. ಅಂದ್ರೆ ಬೆಳಕು ಬಾಗಿಲ ಕಡೆಯಿಂದ ಬಂದದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಲಿಲ್ಲ, ಆದರೆ ಬಲಗೈಯನ್ನು ಮೇಜಿನಿಂದ ಕೆಳಗೆ ಇಳಿಸಿದೆ. ಆ ಟಾರ್ಚು ಹಿಡಿದ ಕೈ ಅದು.

ಹೀರಾ ಇದನ್ನೆಲ್ಲ ಊಟಕ್ಕೆ ಕೂತಾಗ ನನಗೆ ಎಷ್ಟು ಸಲ ಹೇಳಿಲ್ಲ! ಕತ್ತಲೆ, ಬೆಳಕು, ಗಡಿಯಾರ, ಹನಿ. ನಾನು ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುತ್ತ ಅವಳ ಮಾತಿನಲ್ಲಿ 'ಆಶಿಷ' ಎಷ್ಟು ಸಲ ಬಂತೆಂದು ಎಣಿಸುತ್ತಿದ್ದೆ. ಒಮ್ಮೆ ಒಂದೇ ಊಟದಲ್ಲಿ ಹದಿನೇಳು ಸಲ ಬಂದಿತ್ತು. ಹದಿನೇಳು ನೆನಪಿದೆ. ಪಾಚಿಯ ಬಗ್ಗೆ ಹೇಳಿದ ಒಂದು ಮಾತೂ ನೆನಪಿರಲಿಲ್ಲ.

"ಇಷ್ಟು ಗೊತ್ತಿದ್ದವ ಸಮಿತಿಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನಿನ್ನೆಯೇ ಸಮಿತಿಯ ರಾಮನಾಥ ಸರ್ ಹತ್ರ ಹೇಳಿದೆ. ಕರೆಂಟು ಹೋಗಿ ಬಂದ್ರೂ ಉಬ್ಬು ಬರ್ತದೆ ಅಂದ್ರು. ಬಾಗಿಲು ತೆಗೆದವರು ಯಾರು ಅಂತ ಒಬ್ಬರು ಬಂದು ಬಾಯಿಬಿಟ್ಟು ಹೇಳಿದ್ರೆ ಹೀರಾಗೆ ಮತ್ತೊಂದು ಅವಕಾಶ ಕೊಡ್ತಾರಂತೆ. ಇಲ್ಲಾಂದ್ರೆ ಇದು ಬರೀ ಕತೆ."

ಅವನು ಪಟ್ಟಿಯನ್ನು ನಿಧಾನವಾಗಿ ಸುತ್ತಿದ. ಸುತ್ತುವಾಗ ಕಾಗದ ನೋಡಲಿಲ್ಲ, ನನ್ನನ್ನು ನೋಡಿದ. ಅವನಿಗೆ ಗೊತ್ತೋ, ಗೊತ್ತಿಲ್ಲವೋ? ಹನ್ನೆರಡು ವರ್ಷದ ಅನುಭವ ಆ ಮುಖವನ್ನು ಓದಲಾರದೆ ಹೋಯಿತು.

ಅಷ್ಟರಲ್ಲಿ ಫೋನು ಬಂತು. ಹೀರಾ.

"ಸಿಕ್ತಾ?" ಅಂದಳು.

ಹಿಂದಿನಿಂದ ಅವಳ ತವರಿನ ಅಂಗಳದ ಗದ್ದಲ ಕೇಳುತ್ತಿತ್ತು. ಮೀನಿನ ಬುಟ್ಟಿ ಇಳಿಸುವ ಹೆಂಗಸರ ಚೌಕಾಸಿ.

"ಸಿಕ್ಕಿದ ಹಾಗೇ," ಅಂದೆ.

"ಖರೆ? ನಂಗೆ ಗೊತ್ತಿತ್ತು ಮಾರಾಯಾ ನೀ ಬಿಡೂದಿಲ್ಲ ಹೇಳಿ. ಅಪ್ಪನ ಹತ್ರ ಬೆಳಿಗ್ಗೆಯಿಂದ ಅದೇ ಹೇಳ್ತಾ ಇದ್ದೆ. ಹರಿಕಂತ್ರರ ಮನೆ ಹುಡುಗಿ ಓದಿ ಸುಳ್ಳು ಬರೆದ್ಲು ಅಂತ ಕೇಣಿಯಲ್ಲೆಲ್ಲ ಮಾತಾಗ್ಯದೆ. ಇವತ್ತು ಎಲ್ಲ ಬಾಯಿ ಮುಚ್ತದೆ ಅಲಾ?"

"ಮುಚ್ತದೆ."

"ಯಾರು? ಹೆಸರು ಹೇಳು."

"ನಾಲ್ಕು ಗಂಟೆಗೆ ಹೇಳ್ತೆ. ಎಲ್ಲರ ಎದುರಿಗೆ."

ಹೇಳಿಬಿಡಬೇಕೆಂದು ಆ ಕ್ಷಣ ನಿರ್ಧರಿಸಿದೆ. ಇದನ್ನು ನೀವು ನಂಬಬೇಕು. ಹೆಂಡತಿಯ ಮೇಲೆ ಸಂಶಯಪಟ್ಟು ಹಂದಿ ಟಾರ್ಚು ಹಿಡಿದು ಹೋದ ಪತ್ತೇದಾರ ಅಂತ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳೂ ನಗುತ್ತಾರೆ. ನಗಲಿ. ಕಚೇರಿ ಮುಚ್ಚಬೇಕಾದೀತು. ಮುಚ್ಚಲಿ. ಹೀರಾ ಒಂದು ತಿಂಗಳು ಮಾತು ಬಿಟ್ಟಾಳು. ಆದರೆ ಅವಳ ಹೆಸರು ಉಳಿಯುತ್ತದೆ. ಅವಳು ಸುಳ್ಳಿಯಲ್ಲ ಎನ್ನುವುದಕ್ಕೆ ಈ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ಸಾಕ್ಷಿ, ಅದು ನಾನು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೀರಾ ಬಂದಳು. ಐದು ದಿನದಲ್ಲಿ ಸೊರಗಿದ್ದಳು. ಆದರೂ ತಲೆ ಎತ್ತಿ ನಡೆದು ಬಂದಳು. ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಆಮೇಲೆ ಆಶಿಷನನ್ನು ನೋಡಿದಳು. ಅವನನ್ನು ನೋಡಿದ್ದು ನನಗಿಂತ ಒಂದು ಕ್ಷಣ ಹೆಚ್ಚು. ಅಂಥ ಹೊತ್ತಿನಲ್ಲೂ ನಾನು ಅದನ್ನು ಅಳೆದೆ.

ಮೇಜಿನ ಆಚೆ ಕೇಂದ್ರದ ಮುಖ್ಯಸ್ಥ ರಾಮನಾಥ, ಪಕ್ಕದಲ್ಲಿ ಹೊರಗಿನಿಂದ ಬಂದ ಇಬ್ಬರು. ಹೀರಾಳ ಮುಂದೆ ತಪ್ಪೊಪ್ಪಿಗೆಯ ಹಾಳೆ ಬಂತು. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನ ಗುರುತು ಆಗಲೇ ಇತ್ತು.

"ಕೊನೆಯ ಸಲ ಕೇಳ್ತಾ ಇದ್ದೇವೆ," ಅಂದರು ರಾಮನಾಥ. "ಆ ಒಂಬತ್ತು ಸಂಜೆ ಏಳೂವರೆಗೆ ಕತ್ತಲ ಕೋಣೆಯ ಬಾಗಿಲು ತೆಗೆದವರು ಯಾರಾದ್ರೂ ಇದ್ರೆ ಈಗ ಹೇಳ್ಲಿ."

ನಾನು ಕುರ್ಚಿಯಿಂದ ಏಳಹೊರಟೆ.

"ನಾನು ಸರ್," ಎಂದು ಕೇಳಿಸಿತು.

ಆ ಮಾತು ನನ್ನದಲ್ಲ. ಆಶಿಷ ಎದ್ದು ನಿಂತಿದ್ದ.

"ನಾನೇ ಬಾಗಿಲು ತೆಗೆದೆ. ಒಂಬತ್ತು ಸಂಜೆಯೂ. ಮೊಬೈಲಿನ ದೀಪ ಹಾಕಿದ್ದೆ. ಹೀರಾಳ ಮೇಲೆ ಹೊಟ್ಟೆಕಿಚ್ಚಿತ್ತು. ಅವಳ ತಪ್ಪು ಏನೂ ಇಲ್ಲ. ಅವಳ ಅಂಕಿ ಎಲ್ಲ ಖರೆ."

ನಾನು ಅರ್ಧ ಎದ್ದವನು ಅರ್ಧದಲ್ಲೇ ನಿಂತೆ. ಹೀರಾ ಬಚಾವಾದಳು. ನನ್ನ ಮಾನವೂ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಹಣ್ಣುಕಾಯಿ ಹೇಳಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿ ಎದ್ದಿತು. ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಳ್ಳುವಷ್ಟು ಇವನಿಗೆ ಅವಳು ಯಾರು? ಅವಳಿಗಾಗಿ ತಲೆ ಕೊಡುವ ಹಕ್ಕು ನನ್ನದಾಗಿತ್ತು. ನನ್ನ ತಪ್ಪನ್ನೂ ಇವನೇ ಕಸಿದುಕೊಂಡ.

ರಾಮನಾಥ ಹಾಳೆಯನ್ನು ಹೀರಾಳ ಮುಂದಿನಿಂದ ಹಿಂದಕ್ಕೆ ಎಳೆದುಕೊಳ್ಳತೊಡಗಿದರು. ಹೀರಾ ಅದರ ಮೇಲೆ ಕೈಯಿಟ್ಟಳು.

"ಸುಳ್ಳು," ಅಂದಳು.

"ಹೀರಾ, ಸುಮ್ನಿರು," ಅಂದ ಆಶಿಷ.

"ಎಂತಕೆ ಸುಮ್ನಿರೂದು? ಸುಳ್ಳಿ ಅಂತ ಹೆಸರು ಬಂದದೆ ನಂಗೆ. ಇನ್ನೊಂದು ಸುಳ್ಳಿನ ಮೇಲೆ ಅದನ್ನ ತೊಳ್ಕಂಬುದಾ?" ಅವಳು ರಾಮನಾಥರ ಕಡೆ ತಿರುಗಿದಳು. "ಇವ ಬಾಗಿಲು ತೆಗೀಲಿಲ್ಲ ಸರ್. ತೆಗೆಯೂಕೆ ಇವ ಇಲ್ಲಿ ಇರ್ಲೇ ಇಲ್ಲ. ಆ ಒಂಬತ್ತು ಸಂಜೆಯೂ ಇವ ನನ್ನ ಸಂಗಡ ಇದ್ದ."

"ಎಲ್ಲಿ?"

"ಅದು ಈ ಕೋಣೆಗೆ ಸಂಬಂಧ ಇಲ್ದೇ ಇರೋ ವಿಷಯ. ಹೇಳೂದಿಲ್ಲ."

ನಾನು ಒಂಬತ್ತು ಸಂಜೆ ಖಾಲಿ ಕೋಣೆಯಲ್ಲಿ ಪಾಚಿಯ ಸಂದಿಯಲ್ಲಿ ಹುಡುಕಿದ್ದು ಇವರನ್ನೇ. ಇವರು ಇದ್ದರು, ಒಟ್ಟಿಗೇ ಇದ್ದರು, ನಾನು ಹುಡುಕಿದ ಜಾಗದಲ್ಲಿ ಮಾತ್ರ ಇರಲಿಲ್ಲ. ನನ್ನ ಸಂಶಯ ಸುಳ್ಳೆಂದು ಮಧ್ಯಾಹ್ನದಿಂದ ನಾಚಿಕೊಂಡು ಕೂತಿದ್ದೆನಲ್ಲ, ಎಂಥ ಮಡೆಯ ನಾನು!

"ಹಾಗಾದ್ರೆ ತೆಗೆದವರು ಯಾರು?" ರಾಮನಾಥ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿದರು. "ಜಗದೀಶರೇ, ನೀವು ಎದ್ದು ನಿಂತಿದ್ದೀರಿ. ಹೇಳಿ. ನಿಮಗೆ ಯಾರು ಸಿಕ್ಕಿದ್ರು?"

ಹೀರಾ ತಿರುಗಿದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ. ನನ್ನ ಗಂಡ ಹೇಳುತ್ತಾನೆ, ಈಗ ಹೇಳುತ್ತಾನೆ ಎಂಬ ನಂಬಿಕೆ ಇತ್ತು. ಆ ನಂಬಿಕೆಯನ್ನು ನಾನು ನೋಡಿದೆ. ಅವಳ ಪಕ್ಕದಲ್ಲೇ, ಅವಳ ಭುಜಕ್ಕೆ ಒಂದು ಗೇಣಿನಷ್ಟು ದೂರದಲ್ಲಿ ನಿಂತಿದ್ದ ಆಶಿಷನನ್ನೂ ನೋಡಿದೆ.

"ಯಾರೂ ಇಲ್ಲ ಸರ್," ಅಂದೆ. "ಚೆನ್ನಾಗಿ ವಿಚಾರಿಸಿದೆ. ಆ ಕೋಣೆಗೆ ಯಾರೂ ಹೋಗಿಲ್ಲ."

ಹೀರಾ ನನ್ನನ್ನೇ ನೋಡುತ್ತ ಸಹಿಗೆಂದು ಮೇಜಿನ ಮೇಲಿನ ಪೆನ್ನು ಎತ್ತಿಕೊಂಡಳು.